ಸೈನಿಕರ ಸಾಲದ ಕಡತಗಳನ್ನು ನಾನು ಓದಿದ ಬಗೆ

ಊರಲ್ಲಿದ್ದಾಗ ನಾನು ಬ್ಯಾಂಕಿನಲ್ಲಿ ಕೃಷಿ ಸಾಲದ ಫೀಲ್ಡ್ ಆಫೀಸರ್. ಪಹಣಿ ನೋಡುವುದು, ಬೋರ್‌ವೆಲ್‌ನಲ್ಲಿ ನೀರು ಎಷ್ಟಿದೆ ಎಂದು ವಿಚಾರಿಸುವುದು, ಮಾರ್ಚ್ ಬಂತೆಂದರೆ ಸುಸ್ತಿದಾರರ ಮನೆಬಾಗಿಲಲ್ಲಿ ನಿಲ್ಲುವುದು, ಇದೇ ಕೆಲಸ. ನಿವೃತ್ತಿಯಾಗಿ ಮಗನ ಜೊತೆ ಮೆಲ್ಬರ್ನ್‌ಗೆ ಬಂದ ಮೇಲೆ ಇಲ್ಲಿನ ಸರ್ಕಾರಿ ಪತ್ರಾಗಾರದಲ್ಲಿ ಮತ್ತೆ ಸಾಲದ ಕಡತಗಳೇ ಕೈಗೆ ಹತ್ತಿದವು. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಜಮೀನು ಮತ್ತು ಸಾಲ ಕೊಟ್ಟು ರೈತರನ್ನಾಗಿ ಮಾಡಲು ಹೊರಟ ಯೋಜನೆಯವು. "ರಿಟೈರ್ ಆದ ಮೇಲೂ ಸುಸ್ತಿ ಪಟ್ಟಿನೇ ನೋಡ್ತೀರಲ್ಲ ಅಪ್ಪಾ" ಎಂದು ಮಗ ನಗುತ್ತಾನೆ.

ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಇದಕ್ಕೆ 1917ರಲ್ಲಿ ಕಾಯ್ದೆಯಾಯಿತು. ಸುಮಾರು 11,000 ಮಂದಿ ಜಮೀನು ಹಿಡಿದರು. ದಾನವಾಗಿ ಸಿಕ್ಕಿದ್ದಲ್ಲ, ಯುದ್ಧದ ನಂತರ ಬೆಲೆ ಏರಿದ್ದಾಗ ಸರ್ಕಾರ ಕೊಂಡ ನೆಲದ ಹಣವನ್ನೂ ಮನೆ, ಬೇಲಿ, ದನ, ನೇಗಿಲಿನ ಹಣವನ್ನೂ ಅವರೇ ಬಡ್ಡಿ ಸಮೇತ ತೀರಿಸಬೇಕಿತ್ತು. ಕೆಲವೇ ವರ್ಷಗಳಲ್ಲಿ ಜನ ಬಿಟ್ಟು ಹೋಗತೊಡಗಿದರು. 1925ರಲ್ಲಿ ರಾಜ್ಯ ಒಂದು ರಾಯಲ್ ಕಮಿಷನ್, ಅಂದರೆ ಉನ್ನತ ವಿಚಾರಣಾ ಆಯೋಗ ಕೂರಿಸಿತು. ಆಮೇಲೆ ಇಡೀ ಆಸ್ಟ್ರೇಲಿಯಾದ ಲೆಕ್ಕ ತೆಗೆಯಲು ನ್ಯಾಯಮೂರ್ತಿ ಪೈಕ್ ಅವರನ್ನು ನೇಮಿಸಿದರು. ಅವರ ವರದಿ 1929ರಲ್ಲಿ ಬಂತು.

ನಾನು ಮೊದಲು ಹಿಡಿದದ್ದು ಪೈಕ್ ವರದಿಯನ್ನು. ಸೋಲಿಗೆ ನಾಲ್ಕು ಕಾರಣ ಕೊಡುತ್ತಾರೆ: ಕೈಯಲ್ಲಿ ಬಂಡವಾಳವಿರಲಿಲ್ಲ, ಒಂದು ಸಂಸಾರ ಸಾಗುವಷ್ಟು ಜಮೀನಿರಲಿಲ್ಲ, ಬೇಸಾಯಕ್ಕೆ ತಕ್ಕ ಜನರಲ್ಲ, ಬೆಳೆಗೆ ಬೆಲೆ ಬಿತ್ತು. ಒಟ್ಟು ನಷ್ಟ 2 ಕೋಟಿ 35 ಲಕ್ಷ ಪೌಂಡಿಗೂ ಹೆಚ್ಚು. ಬ್ಯಾಂಕಿನವನಾದ್ದರಿಂದ ನಾನು ಕೇಳಿದ ಮೊದಲ ಪ್ರಶ್ನೆ, ಇದು ಯಾರ ನಷ್ಟ? ಸಾಲ ಕೊಟ್ಟ ಸರ್ಕಾರಗಳದ್ದು. ಆ ಹೊರೆಯನ್ನು ಕೇಂದ್ರವೆಷ್ಟು ಹೊರಬೇಕು, ರಾಜ್ಯಗಳೆಷ್ಟು ಎಂದು ತೀರ್ಮಾನಿಸುವುದೇ ಆ ವಿಚಾರಣೆಯ ಉದ್ದೇಶವಾಗಿತ್ತು. ಎಂಟೋ ಹತ್ತೋ ವರ್ಷ ದುಡಿದು ಬರಿಗೈಲಿ ಹೊರಟವನ ನಷ್ಟ ಆ ಮೊತ್ತದಲ್ಲಿ ಸೇರಿಲ್ಲ. ಅದನ್ನು ಕಡತದಲ್ಲೇ ಹುಡುಕಬೇಕು.

ಕಡತ ಓದಲು ನಾನೊಂದು ಕ್ರಮ ಇಟ್ಟುಕೊಂಡೆ. ಪತ್ರಗಳನ್ನು ಮೊದಲು ಮುಟ್ಟುವುದಿಲ್ಲ. ಓದಿದರೆ ಕಣ್ಣು ತುಂಬುತ್ತದೆ, ಲೆಕ್ಕ ತಪ್ಪುತ್ತದೆ. ಮೊದಲು ಖಾತೆಯ ಹಾಳೆ: ಎಷ್ಟು ಕೊಟ್ಟರು, ಯಾವಾಗ ಕೊಟ್ಟರು, ಬಾಕಿ ಯಾವ ವರ್ಷ ನೆಗೆಯಿತು. ಆಮೇಲೆ ಇನ್‌ಸ್ಪೆಕ್ಟರನ ತಪಾಸಣಾ ವರದಿಗಳನ್ನು ತಾರೀಖಿನ ಪ್ರಕಾರ ಜೋಡಿಸುವುದು, ಪಕ್ಕದಲ್ಲಿ ಆ ವರ್ಷದ ಮಳೆ ಮತ್ತು ಧಾರಣೆ ಬರೆದುಕೊಳ್ಳುವುದು. ಪತ್ರಗಳು ಕೊನೆಗೆ.

ಹೀಗೆ ಜೋಡಿಸಿದಾಗ ಒಂದು ಸಂಗತಿ ಎದ್ದು ಕಂಡಿತು. ಮೊದಲೆರಡು ವರ್ಷ "ಶ್ರಮಜೀವಿ, ಮೇಲೆ ಬರುತ್ತಾನೆ" ಎಂಬರ್ಥದಲ್ಲಿ ಬರೆದ ಇನ್‌ಸ್ಪೆಕ್ಟರೇ, ಬೆಲೆ ಬಿದ್ದ ವರ್ಷ ಅದೇ ಮನುಷ್ಯನನ್ನು ಬೇಸಾಯಕ್ಕೆ ಲಾಯಕ್ಕಿಲ್ಲ ಎನ್ನುತ್ತಾನೆ. ಮನುಷ್ಯ ಬದಲಾಗಿರಲಿಲ್ಲ, ಬಾಕಿ ಬದಲಾಗಿತ್ತು. ಪೈಕ್ ಅವರ ಮೂರನೇ ಕಾರಣವನ್ನು ನಾನು ಪೂರ್ತಿ ಒಪ್ಪದಿರುವುದು ಇದಕ್ಕೇ. ಗುಮಾಸ್ತನಾಗಿದ್ದು ಬಂದೂಕು ಹಿಡಿದು ಬಂದವನಿಗೆ ಹಾಲು ಕರೆಯಲು ಬರದೇ ಇದ್ದದ್ದು ನಿಜ. ಆದರೆ ಖಾತೆ ಮುಳುಗಿದ ಮೇಲೆ ಸಾಲಗಾರನ ಮೇಲೆ ತಪ್ಪು ಹೊರಿಸುವುದು ಸಾಲ ಕೊಟ್ಟವರ ಹಳೇ ಚಾಳಿ. ನಮ್ಮ ಕಡೆಯ ಶಿಫಾರಸು ಪತ್ರಗಳಲ್ಲೂ ನಾನದನ್ನು ನೋಡಿದ್ದೇನೆ.

ಮಿಲ್ಡೂರಾ ಬಳಿಯ ರೆಡ್ ಕ್ಲಿಫ್ಸ್ ನೋಡಿ. ನೀರಾವರಿ ದ್ರಾಕ್ಷಿ, ಒಬ್ಬೊಬ್ಬರಿಗೆ ಹದಿನೈದು ಎಕರೆಯ ಆಸುಪಾಸು. ಮ್ಯಾಲಿ ಮರಗಳನ್ನು ಬುಡಸಮೇತ ಕೀಳಲು ಬಿಗ್ ಲಿಜ್ಜಿ ಎಂಬ ದೈತ್ಯ ಎಂಜಿನ್ ತಂದಿದ್ದರು. ಅದು ಇಂದಿಗೂ ಆ ಊರಲ್ಲಿ ನಿಂತಿದೆ. ದ್ರಾಕ್ಷಿ ಫಲಕ್ಕೆ ಬರಲು ವರ್ಷಗಳು ಬೇಕು. ಅಷ್ಟರಲ್ಲಿ ಒಣದ್ರಾಕ್ಷಿಯ ಧಾರಣೆ ಕುಸಿಯಿತು. ಕಂತು ಮುಂದೆ ಹಾಕಿಕೊಟ್ಟರೂ ಬಡ್ಡಿ ಅಸಲಿನ ಮೇಲೆ ಕೂರುತ್ತಲೇ ಹೋಯಿತು. ಒಣಭೂಮಿಯ ಗೋಧಿಯವರಿಗೆ ಬರ, ಮೊಲಗಳ ಕಾಟ ಬೇರೆ.

ಗಿಪ್ಸ್‌ಲ್ಯಾಂಡ್‌ನ ಒಂದು ಹೈನು ಕಡತದಲ್ಲಿ ಹೆಂಡತಿ ಬರೆದ ಪತ್ರವಿತ್ತು. ರೂಲು ಹಾಳೆ, ಪೆನ್ಸಿಲ್ ಬರಹ, ಎರಡೂ ಬದಿ. ಗಂಡನ ಎದೆ ಯುದ್ಧದ ವಿಷಾನಿಲದಿಂದ ಹಾಳಾಗಿದೆ, ಹಾಲು ಕರೆಯುವವಳು ತಾನೇ. ಕೆನೆ ಮಾರಿದ ಹಣ ಡೈರಿಯಿಂದ ನೇರ ಸಾಲಕ್ಕೆ ಜಮೆಯಾಗುತ್ತಿದೆ, ಈ ತಿಂಗಳು ಅರ್ಧ ಬಿಟ್ಟುಕೊಟ್ಟರೆ ಮಕ್ಕಳಿಗೆ ಬೂಟು ತರಬಹುದು ಎಂದು ಕೇಳಿದ್ದಾಳೆ. ಅಂಚಿನಲ್ಲಿ ಯಾರೋ ಅಧಿಕಾರಿ ಕೆಂಪು ಶಾಯಿಯಲ್ಲಿ ಬಾಕಿಯ ಮೊತ್ತ ಬರೆದು ಸಹಿ ಹಾಕಿದ್ದಾನೆ. ಅಷ್ಟೇ. ಹೌದು, ಇಲ್ಲ ಎಂಬುದು ಕಡತದಲ್ಲಿಲ್ಲ.

ಇವರಲ್ಲಿ ಲೈಟ್ ಹಾರ್ಸ್ ಎಂಬ ಆಸ್ಟ್ರೇಲಿಯಾದ ಕುದುರೆ ಸವಾರರ ಪಡೆಯವರ ಹೆಸರು ಕಂಡಾಗಲೆಲ್ಲ ನನಗೆ ಮೈಸೂರು ಲ್ಯಾನ್ಸರ್ಸ್ ನೆನಪಾಗುತ್ತಾರೆ. 1918ರಲ್ಲಿ ಹೈಫಾ ಹಿಡಿದ ನಮ್ಮ ಅಶ್ವಾರೋಹಿಗಳೂ ಈ ಆಸ್ಟ್ರೇಲಿಯನ್ನರೂ ಒಬ್ಬನೇ ಸೇನಾನಿ ಶೋವೆಲ್‌ನ ಕೈಕೆಳಗೆ ಪ್ಯಾಲೆಸ್ತೀನಿನಲ್ಲಿ ಕಾದಾಡಿದವರು.

ವಿಚಾರಣೆಗಳ ಕಣ್ಣಿಗೆ ಹೆಚ್ಚಾಗಿ ಬೀಳದವರೂ ಇದ್ದಾರೆ. ಮೂಲನಿವಾಸಿ ಸೈನಿಕರಲ್ಲಿ ಈ ಜಮೀನು ಸಿಕ್ಕಿದ್ದು ಬೆರಳೆಣಿಕೆಯವರಿಗೆ. ವಿಕ್ಟೋರಿಯಾದಲ್ಲಿ ಪರ್ಸಿ ಪೆಪ್ಪರ್ ಅವರಿಗೆ ಕೂ ವೀ ರಪ್‌ನ ಜೌಗು ನೆಲದಲ್ಲಿ ಸಿಕ್ಕಿತು. ಅವರಿಂದ ಅದನ್ನು ಉಳಿಸಿಕೊಳ್ಳಲಾಗಲಿಲ್ಲ.

ಆಸಕ್ತಿ ಇದ್ದವರಿಗೆ ಒಂದು ಮಾತು. ಪತ್ರಾಗಾರದ ಓದುಕೋಣೆ ನಾರ್ತ್ ಮೆಲ್ಬರ್ನ್‌ನಲ್ಲಿದೆ, ಅನೇಕ ಕಡತಗಳ ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲೂ ಸಿಗುತ್ತದೆ. ಹೆಸರು ಹಾಕಿ ಹುಡುಕಿದರೆ ಸ್ಮಿತ್‌ಗಳ ಸಂತೆಯೇ ನೆರೆಯುತ್ತದೆ. ಪ್ಯಾರಿಷ್ (ಇಲ್ಲಿನ ಭೂಮಾಪನದ ಒಂದು ವಿಭಾಗ) ನಕ್ಷೆ ತೆಗೆದು ಅಲಾಟ್‌ಮೆಂಟ್ ನಂಬರ್ ಹಿಡಿಯಿರಿ, ಅದು ನಮ್ಮ ಸರ್ವೆ ನಂಬರ್ ಇದ್ದ ಹಾಗೆ. ಆ ನಂಬರಿನಲ್ಲಿ ಮೊದಲನೆಯವನು ಬಿಟ್ಟು ಹೋದ ಮೇಲೆ ಬಂದವನ ಕಡತವೂ ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಎರಡನೆಯವನಿಗೆ ಅದೇ ನೆಲವನ್ನು ಎಷ್ಟು ಬೆಲೆಗೆ ಕೊಟ್ಟರು ಎಂದು ನೋಡಿ.