ಪುಟ್ಟ ಮಕ್ಕಳ ದೃಷ್ಟಿ ಪರೀಕ್ಷೆಗೆ ಯಾವ ಚಾರ್ಟ್ ಸೂಕ್ತ?

ಮೂರರಿಂದ ಐದು ವರ್ಷದ ಮಕ್ಕಳಿಗೆ ಬಳಸುವ ಚಾರ್ಟ್ ಕಣ್ಣನ್ನಷ್ಟೇ ಪರೀಕ್ಷಿಸಬೇಕು. ಅಕ್ಷರಜ್ಞಾನವನ್ನಾಗಲಿ, ಎಡಬಲದ ತಿಳಿವಳಿಕೆಯನ್ನಾಗಲಿ ಅಲ್ಲ. 1862ರಲ್ಲಿ ಹರ್ಮನ್ ಸ್ನೆಲ್ಲೆನ್ ಪ್ರಕಟಿಸಿದ ಅಕ್ಷರಗಳ ಚಾರ್ಟ್ ಓದಬಲ್ಲವರಿಗೆ ಸರಿ, ಆದರೆ ಅಂಗನವಾಡಿಯ ಮಗುವಿಗೆ ಕನ್ನಡ ಅಕ್ಷರಗಳ ಚಾರ್ಟ್ ಕೂಡ ಅಷ್ಟೇ ಕಷ್ಟ. ನಾಲ್ಕು ದಿಕ್ಕಿಗೆ ತಿರುಗುವ ಇಂಗ್ಲಿಷಿನ 'ಇ' ಆಕಾರದ ಚಾರ್ಟ್‌ಗೆ ಓದು ಬೇಕಿಲ್ಲವಾದರೂ, ಈ ವಯಸ್ಸಿನವರು ಎಡಬಲವನ್ನು ಅದಲುಬದಲು ಮಾಡುವುದರಿಂದ ಚೆನ್ನಾಗಿ ಕಾಣುವ ಮಗುವೂ ತಪ್ಪು ಉತ್ತರ ಕೊಡುತ್ತದೆ. ಅಕ್ಷರಗಳ ಬದಲು ಚಿತ್ರಗಳ ಹೆಸರು ಹೇಳಿಸುವ ಹಳೆಯ ಆಲನ್ ಚಾರ್ಟ್‌ನಲ್ಲಿ ಹಳೇ ಕಾಲದ ಟೆಲಿಫೋನ್ ಇದೆ. ಅಂಥದ್ದನ್ನು ನೋಡಿಯೇ ಇರದ ಮಗು ಅದನ್ನು ಏನೆಂದು ಹೇಳೀತು?

ಹಾಗಾಗಿ ಎರಡು ಚಾರ್ಟ್‌ಗಳನ್ನು ಆರಿಸಿಕೊಳ್ಳಬಹುದು. ಫಿನ್ಲೆಂಡಿನ ನೇತ್ರವೈದ್ಯೆ ಲೇಯಾ ಹ್ಯುವಾರಿನೆನ್ ರೂಪಿಸಿದ ಲೇಯಾ ಚಾರ್ಟ್‌ನಲ್ಲಿ ಸೇಬು, ಮನೆ, ಚೌಕ, ವೃತ್ತ ಇವೆ; ಕಾಣುವ ಮಿತಿ ದಾಟಿದಾಗ ನಾಲ್ಕೂ ಒಂದೇ ತೆರನಾಗಿ ಮಸುಕಾಗುತ್ತವೆ, ಊಹೆಗೆ ಸುಳಿವು ಸಿಗುವುದಿಲ್ಲ. ಮಗು ಸೇಬನ್ನು ಹೃದಯವೆಂದರೂ ಚೌಕವನ್ನು ಡಬ್ಬಿಯೆಂದರೂ ಅಡ್ಡಿಯಿಲ್ಲ, ಕೊನೆಯವರೆಗೂ ಅದೇ ಹೆಸರು ಹೇಳಿದರೆ ಸಾಕು. ಎಚ್‌ಒಟಿವಿ ಚಾರ್ಟ್‌ನ ನಾಲ್ಕು ಇಂಗ್ಲಿಷ್ ಅಕ್ಷರಗಳು (H, O, T, V) ಎಡಬಲ ಸಮನಾಗಿರುವುದರಿಂದ ದಿಕ್ಕಿನ ಗೊಂದಲವಿಲ್ಲ, ಕೈಯಲ್ಲಿರುವ ಕಾರ್ಡಿನಲ್ಲಿ ಅದೇ ಅಕ್ಷರವನ್ನು ಮುಟ್ಟಿ ತೋರಿಸಿದರಾಯಿತು.

ಕೊಳ್ಳುವಾಗ ಮರೆಯಬಾರದ್ದು ಇನ್ನೊಂದಿದೆ. ಸೋಮಾರಿ ಕಣ್ಣು, ಅಂದರೆ ಬಾಲ್ಯದಲ್ಲಿ ದೃಷ್ಟಿ ಸರಿಯಾಗಿ ಬೆಳೆಯದ ಕಣ್ಣು, ಒಂಟಿ ಚಿತ್ರವನ್ನು ಸುಲಭವಾಗಿ ಗುರುತಿಸುತ್ತದೆ, ಅಕ್ಕಪಕ್ಕದಲ್ಲಿ ಬೇರೆ ಗೆರೆಗಳಿದ್ದಾಗ ತಡವರಿಸುತ್ತದೆ. ಬಿಡಿಬಿಡಿಯಾಗಿ ಒಂದೊಂದೇ ಚಿತ್ರವಿರುವ ಕಾರ್ಡುಗಳಿಂದ ಈ ದೋಷ ತಪ್ಪಿಹೋಗಬಹುದಾದ್ದರಿಂದ, ಸಾಲಾಗಿ ಜೋಡಿಸಿದ ಅಥವಾ ಸುತ್ತ ಗೆರೆ ಹಾಕಿದ ಚಿತ್ರಗಳ ಚಾರ್ಟನ್ನೇ ಕೇಳಿ ಪಡೆಯಬೇಕು.

ಮೊದಲು ಹತ್ತಿರದಲ್ಲಿ, ಎರಡೂ ಕಣ್ಣು ತೆರೆದಿಟ್ಟು ಹೆಸರುಗಳನ್ನು ರೂಢಿ ಮಾಡಿಸಿ. ಬಳಿಕ ಚಾರ್ಟ್ ಸೂಚಿಸುವ ಅಂತರವನ್ನು, ಸಾಮಾನ್ಯವಾಗಿ 3 ಮೀಟರ್, ಮಗುವಿನ ಕಣ್ಣಿನಿಂದ ಅಳೆಯಿರಿ. ಒಂದು ಕಣ್ಣನ್ನು ಅಂಗೈಯಿಂದಲ್ಲ, ಅಂಟುಪಟ್ಟಿಯಿಂದ ಮುಚ್ಚಿ. ಬೆರಳ ಸಂದಿಯಿಂದ ಇಣುಕದ ಮಗು ಅಪರೂಪ. ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದೊಡನೆ ತಲೆ ಓರೆ ಮಾಡಿ ಪಟ್ಟಿ ಕಿತ್ತುಹಾಕಲು ಹೆಣಗಿದರೆ ಅದನ್ನು ಹಟವೆಂದು ಬಿಡದೆ ಬರೆದಿಟ್ಟುಕೊಳ್ಳಿ.

ಮೂರು ವರ್ಷದ ಮಗು 6/15ರ ಸಾಲಿನಲ್ಲಿ (ಸಾಮಾನ್ಯ ದೃಷ್ಟಿಯವರಿಗೆ 15 ಮೀಟರ್‌ನಿಂದ ಕಾಣುವುದು 6 ಮೀಟರ್‌ನಿಂದ ಕಾಣುವ ಮಟ್ಟ), ನಾಲ್ಕು ವರ್ಷದ ಮಗು 6/12ರ ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಚಿತ್ರಗಳನ್ನು ಪ್ರತಿ ಕಣ್ಣಿನಿಂದಲೂ ಗುರುತಿಸಬೇಕು. ಇದಾಗದಿದ್ದರೆ, ಇಲ್ಲವೇ ಎರಡು ಕಣ್ಣುಗಳ ನಡುವೆ ಎರಡು ಸಾಲಿನ ವ್ಯತ್ಯಾಸವಿದ್ದರೆ, ನೇತ್ರತಜ್ಞರಿಗೆ ತೋರಿಸಿ. ಸಹಕರಿಸದ ಮಗುವನ್ನು ಇನ್ನೊಂದು ದಿನ ಪರೀಕ್ಷಿಸಿ. ಆಗಲೂ ಆಗದಿದ್ದರೆ ಅದನ್ನೂ ಕಳುಹಿಸಬೇಕು.