ಬೇ ಏರಿಯಾಗೆ ಹೊಸದಾಗಿ ಬಂದವರಿಗೆ: ಜೈಂಟ್ಸ್ ಜೊತೆ ಒಂದು ಸೀಸನ್

ಕ್ರಿಕೆಟ್ ನೋಡಿ ಬೆಳೆದ ನಮಗೆ ಬೇಸ್‌ಬಾಲ್ ಕಷ್ಟ ಅನ್ನಿಸುವುದು ನಿಯಮಗಳಿಂದ ಅಲ್ಲ. ನಿಯಮ ನೋಡ್ತಾ ನೋಡ್ತಾ ತಾನಾಗೇ ಬರುತ್ತದೆ. ಕಷ್ಟ ಇರುವುದು ಸೋಲು ಅರಗಿಸಿಕೊಳ್ಳುವುದರಲ್ಲಿ. ಆರ್‌ಸಿಬಿ ಲೀಗ್ ಹಂತದಲ್ಲಿ ಆಡುವುದು 14 ಮ್ಯಾಚ್. ಒಂದು ಸೋತರೂ ಆವತ್ತು ಊಟ ಸೇರುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಆಡುವುದು 162. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನಾ ಆಟ. 2021ರಲ್ಲಿ ಜೈಂಟ್ಸ್ 107 ಗೆದ್ದರು, ಅದು ಈ ತಂಡದ ದಾಖಲೆ. ಆ ವರ್ಷವೂ 55 ಸಲ ಸೋತರು! ಹಾಗಾಗಿ ಮಂಗಳವಾರ ಸೋತರೆ ಬುಧವಾರ ಮತ್ತೆ ಆಟ ಹಾಕಿ. ಅಷ್ಟೇ.

ಎಲ್ಲಾ ಮ್ಯಾಚ್ ಕೂತು ನೋಡಬೇಕು ಅಂತೇನೂ ಇಲ್ಲ. ಇಲ್ಲಿನ ಹಳೇ ಅಭಿಮಾನಿಗಳೂ ಹಾಗೆ ನೋಡುವುದಿಲ್ಲ. ನನ್ನ ಸಲಹೆ ಕೇಳಿದರೆ ಟಿವಿಗಿಂತ ಮೊದಲು ರೇಡಿಯೋ ಹಿಡಿಯಿರಿ. ಕೆಎನ್‌ಬಿಆರ್ 680, ಬಿಟ್ಟಿ. ಸಂಜೆ 101 ಹೆದ್ದಾರಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ, ಮನೆಗೆ ಬಂದು ಪಾತ್ರೆ ತೊಳೆಯುವಾಗ ಸುಮ್ನೆ ಓಡುತ್ತಿರಲಿ. ಬೇಸ್‌ಬಾಲ್‌ನಲ್ಲಿ ಎಸೆತದಿಂದ ಎಸೆತಕ್ಕೆ ಬಿಡುವು ಇರುತ್ತದೆ. ಆ ಬಿಡುವಿನಲ್ಲೇ ಕಾಮೆಂಟರಿಯವರು ಹಳೇ ಕಥೆ, ಆಟಗಾರರ ಸಂಗತಿ ಎಲ್ಲ ಹೇಳುತ್ತಿರುತ್ತಾರೆ. ಜಾನ್ ಮಿಲ್ಲರ್ ದನಿಯಲ್ಲಿ ಕೇಳಿದವರಿಗೆ ಆಟ ಕಣ್ಣಿಗೆ ಕಟ್ಟುತ್ತದೆ. ಜೂನ್ ಹೊತ್ತಿಗೆ ಅರ್ಧ ತಂಡದ ಹೆಸರು ನಿಮ್ಮ ಬಾಯಲ್ಲಿರುತ್ತದೆ.

ಪ್ರತಿ ದಿನ ಮೊದಲು ನೋಡಬೇಕಾದ್ದು ಎದುರಾಳಿ ಯಾರು ಅಂತಲ್ಲ, ಇವತ್ತು ಪಿಚಿಂಗ್, ಅಂದರೆ ಚೆಂಡು ಎಸೆಯುವ ಕೆಲಸ, ಯಾರದು ಅಂತ. ಸಾಮಾನ್ಯವಾಗಿ ಒಂದು ತಂಡಕ್ಕೆ ಐದು ಜನ ಸ್ಟಾರ್ಟರ್‌ಗಳು, ಅಂದರೆ ಆಟ ಶುರು ಮಾಡುವ ಪಿಚರ್‌ಗಳು, ಸರದಿ ಪ್ರಕಾರ ಬರುತ್ತಾರೆ. ಹಿಂದಿನ ದಿನ ಹೀನಾಯವಾಗಿ ಸೋತ ತಂಡ ಇವತ್ತು ಒಳ್ಳೆ ಪಿಚರ್ ಬಂದ ಅಂತ ಬೇರೆಯೇ ತಂಡದ ಹಾಗೆ ಆಡುತ್ತದೆ. ಲೋಗನ್ ವೆಬ್ ಸರದಿ ಇರುವ ದಿನ ಟಿಕೆಟ್ ತೆಗೆದುಕೊಳ್ಳುವುದು ಇಲ್ಲಿ ಅನೇಕರ ಲೆಕ್ಕಾಚಾರ. ಇನ್ನು ಬ್ಯಾಟಿಂಗ್ ಸರಾಸರಿ ನೋಡಿ ಗಾಬರಿಯಾಗಬೇಡಿ. ಹತ್ತರಲ್ಲಿ ಮೂರು ಸಲ ಹಿಟ್ ಹೊಡೆದರೆ ಅವನು ದೊಡ್ಡ ಬ್ಯಾಟರ್. ಸೆಂಚುರಿ ಲೆಕ್ಕ ಮರೆತುಬಿಡಿ.

ಪಾಯಿಂಟ್ಸ್ ಟೇಬಲ್ ಸುಲಭ. ನಮ್ಮದು ನ್ಯಾಷನಲ್ ಲೀಗ್ ವೆಸ್ಟ್ ಅನ್ನುವ ಐದು ತಂಡಗಳ ಗುಂಪು. ಜೈಂಟ್ಸ್ ಜೊತೆಗೆ ಡಾಡ್ಜರ್ಸ್, ಪಾಡ್ರೆಸ್, ಡೈಮಂಡ್‌ಬ್ಯಾಕ್ಸ್, ರಾಕೀಸ್. ಇದರಲ್ಲಿ ಮೊದಲು ಬಂದರೆ ಪ್ಲೇಆಫ್ ಖಚಿತ. ಇಲ್ಲದಿದ್ದರೆ ಇಡೀ ನ್ಯಾಷನಲ್ ಲೀಗ್‌ನಲ್ಲಿ ಮೂರು ವೈಲ್ಡ್ ಕಾರ್ಡ್ ಜಾಗ ಇವೆ. ಆಗಸ್ಟ್‌ನಿಂದ ಎಲ್ಲರ ಕಣ್ಣು ಅದರ ಮೇಲೇ.

ಇನ್ನು ಡಾಡ್ಜರ್ಸ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡೂ ನ್ಯೂಯಾರ್ಕ್ ತಂಡಗಳು. 1958ರಲ್ಲಿ ಒಟ್ಟಿಗೇ ಕ್ಯಾಲಿಫೋರ್ನಿಯಾಗೆ ಬಂದವು, ಜಗಳವನ್ನೂ ಜೊತೆಗೇ ತಂದವು. 2021ರಲ್ಲಿ ಜೈಂಟ್ಸ್ 107, ಡಾಡ್ಜರ್ಸ್ 106. ಪ್ಲೇಆಫ್‌ನಲ್ಲಿ ಇಬ್ಬರೂ ಎದುರಾದರು. ನಿರ್ಣಾಯಕ ಐದನೇ ಮ್ಯಾಚ್, ಇಲ್ಲೇ, ಜೈಂಟ್ಸ್ ಒಂದು ರನ್ ಹಿಂದೆ, ಕೊನೆಯ ಬ್ಯಾಟರ್ ವಿಲ್ಮರ್ ಫ್ಲೋರೆಸ್. ಅವನು ಬ್ಯಾಟ್ ಬೀಸಿ ಅರ್ಧಕ್ಕೇ ತಡೆದ. ಅಂಪೈರ್ ಪೂರ್ತಿ ಬೀಸಿದ ಅಂದರು, ಅಂದರೆ ಔಟ್, ಸೀಸನ್ ಅಲ್ಲಿಗೆ ಮುಗಿಯಿತು. ಹಳಬರ ಮುಂದೆ ಈ ಮಾತು ಎತ್ತಿದರೆ ಅರ್ಧ ಗಂಟೆ ಹೋಯಿತು ಅಂತಲೇ ತಿಳಿಯಿರಿ. ಬೇಜಾರು ಮರೆಸಬೇಕಾದರೆ 2010, 2012, 2014 ಅನ್ನಿ. ಮೂರು ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲ್ ಫೈನಲ್, ಗೆದ್ದ ವರ್ಷಗಳು. 2014ರ ಕೊನೆಯ ಮ್ಯಾಚ್‌ನಲ್ಲಿ ಮ್ಯಾಡಿಸನ್ ಬಮ್‌ಗಾರ್ನರ್ ಎರಡೇ ದಿನದ ವಿಶ್ರಾಂತಿಯಲ್ಲಿ ಬಂದು ಐದು ಇನ್ನಿಂಗ್ಸ್ ಒಂದೂ ರನ್ ಕೊಡದೆ ಎಸೆದದ್ದನ್ನು ಹುಡುಕಿ ನೋಡಿ. ಇಲ್ಲಿನವರಿಗೆ ಯಾಕಿಷ್ಟು ಹುಚ್ಚು ಅಂತ ಗೊತ್ತಾಗುತ್ತದೆ.

ಆರಕಲ್ ಪಾರ್ಕ್‌ಗೆ ಒಂದು ಸಲವಾದರೂ ಹೋಗಲೇಬೇಕು. ಸನ್ನಿವೇಲ್, ಮೌಂಟನ್ ವ್ಯೂ ಕಡೆಯವರು ಕಾರ್ ಬಿಟ್ಟು ಕಾಲ್‌ಟ್ರೈನ್ ಹತ್ತಿ. ಕೊನೇ ನಿಲ್ದಾಣದಲ್ಲಿ ಇಳಿದು ಕಿತ್ತಳೆ ಬಣ್ಣದ ಗುಂಪಿನ ಹಿಂದೆ ನಡೆದರೆ ಸಾಕು. ಗೇಟಿನ ಬಳಿ ಜೈಂಟ್ಸ್‌ನ ಹಳೇ ದಿಗ್ಗಜ ಆಟಗಾರ ವಿಲ್ಲಿ ಮೇಸ್ ಪ್ರತಿಮೆ ಇದೆ. ಸುತ್ತ 24 ತಾಳೆ ಮರ, ಅವರ ಜೆರ್ಸಿ ನಂಬರ್ ಅದೇ. ದುಬಾರಿ ಸೀಟು ಬೇಡ. ಮೇಲಿನ ಅಂತಸ್ತೇ ಚೆನ್ನಾಗಿರುತ್ತದೆ, ಕೊಲ್ಲಿ ಕಾಣಿಸುತ್ತದೆ. ಬಲಗಡೆ ಗೋಡೆಯಾಚೆ ಮೆಕೋವಿ ಕೋವ್. ಹೋಂ ರನ್ ನೀರಿಗೆ ಬಿದ್ದರೆ ಹಿಡಿಯೋಣ ಅಂತ ಜನ ದೋಣಿಯಲ್ಲಿ ಕಾಯುತ್ತಿರುತ್ತಾರೆ. ವಾರದ ಮಧ್ಯೆ, ಅಷ್ಟೇನೂ ಹೆಸರಿಲ್ಲದ ತಂಡ ಬಂದಾಗ ಟಿಕೆಟ್ ಅಗ್ಗ. ಡಾಡ್ಜರ್ಸ್ ಬಂದಾಗ ಕೇಳಲೇಬೇಡಿ.

ಹೊರಗಿನ ತಿಂಡಿ ಒಳಗೆ ಬಿಡುತ್ತಾರೆ, ಚಿತ್ರಾನ್ನ ಡಬ್ಬಿ ಧಾರಾಳವಾಗಿ ಒಯ್ಯಬಹುದು. ಬ್ಯಾಗಿನ ಅಳತೆ ಮಾತ್ರ ಮೊದಲೇ ನೋಡಿಕೊಳ್ಳಿ. ಬೆಳ್ಳುಳ್ಳಿ ಹಾಕಿದ ಫ್ರೈಸ್ ಅಲ್ಲಿಯ ವಿಶೇಷ, ಸಸ್ಯಾಹಾರಿಗಳಿಗೂ ಆಯಿತು. ಜುಲೈ ಅಂತ ಟೀ ಶರ್ಟ್‌ನಲ್ಲಿ ಹೋಗಬೇಡಿ, ಸಂಜೆ ಆದಮೇಲೆ ಆ ಗಾಳಿಗೆ ಹಲ್ಲು ಕಟಕಟ ಅನ್ನುತ್ತದೆ. 2023ರಲ್ಲಿ ಪಿಚ್ ಕ್ಲಾಕ್, ಅಂದರೆ ಎಸೆತಕ್ಕೆ ಸಮಯಮಿತಿ ಹಾಕುವ ಗಡಿಯಾರ, ಬಂದ ಮೇಲೆ ಆಟ ಬೇಗ ಮುಗಿಯುತ್ತದೆ, ಎರಡೂವರೆ ಗಂಟೆಯ ಆಚೀಚೆ. ಮಕ್ಕಳಿಗೆ ನಿದ್ದೆ ಬರುವ ಮೊದಲೇ ರೈಲು ಹತ್ತಬಹುದು.

ತೀರಾ ಚಿಕ್ಕ ಮಕ್ಕಳಿದ್ದರೆ ಸ್ಯಾನ್ ಹೊಸೆಯಲ್ಲಿರುವ ಸ್ಯಾನ್ ಹೊಸೆ ಜೈಂಟ್ಸ್‌ನಿಂದಲೇ ಶುರು ಮಾಡಿ. ಇದೇ ತಂಡದ ಕೆಳಹಂತದ ಮೈನರ್ ಲೀಗ್ ತಂಡ ಅದು. ಸಣ್ಣ ಮೈದಾನ, ಕಡಿಮೆ ದುಡ್ಡು, ಹುಡುಗರು ಹತ್ತಿರದಲ್ಲೇ ಕಾಣುತ್ತಾರೆ. ಬಮ್‌ಗಾರ್ನರ್ ಕೂಡ ಅಲ್ಲಿ ಆಡಿಯೇ ಮೇಲೆ ಬಂದವನು. ಮತ್ತೆ ಎಲ್ಲಿಗೆ ಹೋಗುವಾಗಲೂ, ಮನೆಯಲ್ಲಿ ಡಾಡ್ಜರ್ಸ್ ನೀಲಿಯ ಟೋಪಿ ಇದ್ದರೆ ಅದನ್ನು ಮನೆಯಲ್ಲೇ ಬಿಟ್ಟು ಹೊರಡಿ.