ಕೋಳಿಗಳು ಒಂದನ್ನೊಂದು ಕುಕ್ಕುತ್ತಿವೆಯೇ?

ಹಿಂಡಿನಲ್ಲಿ ಯಾರು ಮೇಲು ಯಾರು ಕೆಳಗು ಅನ್ನುವುದು ಇತ್ಯರ್ಥವಾಗುವವರೆಗೆ ತಲೆಗೆ ಒಂದೆರಡು ಕುಕ್ಕು ಬೀಳುವುದು ಸಹಜ, ಬಿಡಿಸಲು ಹೋಗಬೇಡಿ. ಆದರೆ ಬೆನ್ನಿನ ಪುಕ್ಕ ಉದುರಿ ಚರ್ಮ ಕಂಡರೆ, ಅಥವಾ ರಕ್ತ ಬಂದರೆ, ಆ ಕ್ಷಣವೇ ಗಾಯಗೊಂಡ ಹೇಂಟೆಯನ್ನು ಬೇರೆ ಮಾಡಿ. ಕೆಂಪು ಕಂಡರೆ ಉಳಿದವೂ ಮುಗಿಬೀಳುತ್ತವೆ. ಗಾಯವನ್ನು ಉಪ್ಪುನೀರಿನಲ್ಲಿ ತೊಳೆದು, ಅದು ಪೂರ್ತಿ ಒಣಗುವವರೆಗೆ ಹೇಂಟೆಯನ್ನು ಹಿಂಡಿನೊಳಗೆ ಬಿಡಬೇಡಿ.

ಆಮೇಲೆ ಕಾರಣ ಹುಡುಕಿ. ಹೆಚ್ಚಿನ ಸಲ ಜಾಗದ್ದೇ ತಕರಾರು: ಗೂಡಿನೊಳಗೆ ಒಂದಕ್ಕೆ 4 ಚದರ ಅಡಿ, ಹೊರಗೆ 10 ಚದರ ಅಡಿ ಇರಲಿ. ಮೇವಿನ ತಟ್ಟೆ ಒಂದೇ ಇದ್ದರೆ ಜೋರಿನ ಕೋಳಿ ಅಲ್ಲೇ ಕಾವಲು ನಿಲ್ಲುತ್ತದೆ. ಎರಡನ್ನು ದೂರ ದೂರ ಇಡಿ. ಮೊಟ್ಟೆಕೋಳಿಯ ಮೇವಿನಲ್ಲಿ ಪ್ರೋಟೀನ್ 16% ಬೇಕು, ಪುಕ್ಕ ಉದುರಿಸುವ ಕಾಲದಲ್ಲಿ 18–20%. ಬರೀ ಕಾಳು ಹಾಕಿದರೆ ಪುಕ್ಕ ಕಿತ್ತು ತಿನ್ನುವ ಚಟ ಹತ್ತುತ್ತದೆ. ರೆಕ್ಕೆಯಡಿ, ಗುದದ ಸುತ್ತ ಹೇನಿದೆಯೇ ನೋಡಿ. ಕೊಕ್ಕಿಗೆ ಕೆಲಸ ಕೊಡಲು ಎಲೆಕೋಸನ್ನು ತಲೆಯೆತ್ತರಕ್ಕೆ ತೂಗುಹಾಕಿ.

ಪುಂಡಾಟ ಒಂದರದೇ ಆದರೆ ಗಾಯವಿಲ್ಲದೆ ಬರೀ ಏಟು ತಿಂದದ್ದನ್ನಲ್ಲ, ಪುಂಡನನ್ನೇ 3–4 ದಿನ ಕಣ್ಣಿಗೆ ಕಾಣದಂತೆ ಇಡಿ. ಕತ್ತಲಾದ ಮೇಲೆ ವಾಪಸ್ ಕೂರಿಸಿ. ಅಷ್ಟರಲ್ಲಿ ಅದರ ಯಜಮಾನಿಕೆ ಹೋಗಿರುತ್ತದೆ.